ಗಿಣಿಮೂಗಿನ ಹುಂಜ ಮತ್ತು ಉಳಿದ ಆರು

ಹೊರಗೆ ಮೊಟ್ಟೆ ಹಾಕಿದ ಕೇಕ್ ತಿಂದು ಬಂದರೆ ಬಾಯಿ ತೊಳೆದುಕೊಂಡೇ ಒಳಗೆ ಬರಬೇಕು ಎನ್ನುವ ಮನೆ ನಮ್ಮದು. ಅಂಥ ಮನೆಯ ಹಿತ್ತಲಿಗೆ ಏಳು ಹುಂಜ ತಂದವಳು ನಾನು. ಇನ್ಶೂರೆನ್ಸ್ ಆಫೀಸಿನಿಂದ ನಿವೃತ್ತಳಾದ ಮೇಲೆ ಅಂಬತ್ತೂರಿನ ಮನೆಯ ಹಿಂದೆ ಟೊಮೆಟೊ ಬೆಳೆಯುತ್ತೇನೆ ಎಂದು ಎಲ್ಲರೆದುರೂ ಕೊಚ್ಚಿಕೊಂಡಿದ್ದೆ. ರೈಲ್ವೆಯಿಂದ ನಿವೃತ್ತರಾಗಿದ್ದ ನಮ್ಮ ಯಜಮಾನರು ಒಂದು ಗುದ್ದಲಿಯನ್ನೂ ತಂದಿಟ್ಟಿದ್ದರು.

ಆ ಹೊತ್ತಿಗೆ ಮಾಧವರಂನಲ್ಲಿ ಹಳೆಯ ಸಹೋದ್ಯೋಗಿಯೊಬ್ಬರ ಗೃಹಪ್ರವೇಶಕ್ಕೆ ಹೋದೆ. ಪಕ್ಕದ ಕಾಂಪೌಂಡಿನಲ್ಲಿ ಒಂದು ಹುಂಜ ನಿಂತಿತ್ತು. ಕೊಕ್ಕು ಗಿಣಿಯ ಮೂಗಿನಂತೆ ಬಾಗಿದೆ, ಬಾಲ ಹಿಂದೆ ಬೀಸಣಿಗೆಯಂತೆ ಹರಡಿದೆ. ಅದು ಕತ್ತೆತ್ತಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿತು. ಮೂವತ್ತು ವರ್ಷದ ಸರ್ವಿಸಿನಲ್ಲಿ ಯಾವ ಮ್ಯಾನೇಜರೂ ನನ್ನನ್ನು ಅಷ್ಟು ತಾತ್ಸಾರದಿಂದ ನೋಡಿರಲಿಲ್ಲ. ನಾನು ಊಟದ ಪಂಕ್ತಿ ತಪ್ಪಿಸಿಕೊಂಡು ಅದರ ಮುಂದೆಯೇ ನಿಂತುಬಿಟ್ಟೆ.

ಅದನ್ನು ಸಾಕಿದವರು ಹಾಲಿನ ಡೈರಿಯಲ್ಲಿ ಕೆಲಸಮಾಡಿ ನಿವೃತ್ತರಾದವರು. ಅವರು ಆಡಿದ್ದು ತಮಿಳಿನಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಈ ಜಾತಿಯನ್ನು ಇಲ್ಲಿ ಕಿಳಿಮೂಕು, ಅಂದರೆ ಗಿಣಿಮೂಗು, ಎನ್ನುತ್ತಾರಂತೆ, ಇವಕ್ಕೆಂದೇ ಪ್ರದರ್ಶನ ನಡೆಯುತ್ತದಂತೆ, ಗೆದ್ದರೆ ಕಪ್ ಕೊಡುತ್ತಾರಂತೆ. ಕಪ್ ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಶಾಲೆಯಲ್ಲಿ ಚಮಚ-ನಿಂಬೆಹಣ್ಣಿನ ಓಟದಲ್ಲೂ ನಾನು ಗೆದ್ದವಳಲ್ಲ.

"ಯಾರಿಗೆ ಬೇಕಾದ್ರೂ ಕೊಡೋ ಕೋಳಿ ಅಲ್ಲಮ್ಮಾ ಇದು," ಎಂದರು ಅವರು. "ಹೋದ ವರ್ಷ ಒಬ್ಬನಿಗೆ ಕೊಟ್ಟೆ. ದೀಪಾವಳಿಗೆ ಫೋನ್ ಮಾಡಿ ಹೇಗಿದೆ ಅಂದ್ರೆ, ತುಂಬ ಚೆನ್ನಾಗಿತ್ತು ಸಾರ್ ಅಂದ."

ನಾವು ಶುದ್ಧ ಸಸ್ಯಾಹಾರಿಗಳು ಎಂದೆ. ಅವರ ಮುಖ ಅರಳಿತು. ಕಾವಿಗೆ ಕೂತ ಹೇಂಟೆಯನ್ನು ಹತ್ತು ಮೊಟ್ಟೆಗಳ ಸಮೇತ ಬುಟ್ಟಿಯಲ್ಲಿಟ್ಟು ಕೊಟ್ಟರು. ಕೊಡುವಾಗ, "ಹತ್ತರಲ್ಲಿ ಒಂದು ಪ್ರದರ್ಶನಕ್ಕೆ ನಿಂತರೆ ಪುಣ್ಯ. ಉಳಿದವನ್ನ ಆರು ತಿಂಗಳಿಗೆ ಕಳಿಸಿಬಿಡಬೇಕು, ಗೊತ್ತಲ್ಲ," ಎಂದರು. ಎಲ್ಲಿಗೆ ಎಂದು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಆಫೀಸಿನ ಮೀಟಿಂಗುಗಳಲ್ಲಿ ಆಡಿಸುತ್ತಿದ್ದಂತೆ ತಲೆಯಾಡಿಸಿದೆ.

ಅತ್ತೆಗೆ ಎಂಬತ್ತೊಂದು ವರ್ಷ. ಮೈಸೂರಿನಿಂದ ಮದುವೆಯಾಗಿ ಬಂದವರು. ಬುಟ್ಟಿ ನೋಡಿ ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ಸ್ವಲ್ಪ ಯೋಚಿಸಿ, "ಮೊಟ್ಟೆ ಮನೆಯೊಳಗೆ ಬರಕೂಡದು. ಹಿತ್ತಲು ಮನೆಯಲ್ಲ," ಎಂದು ತೀರ್ಪು ಕೊಟ್ಟರು. ಮೂರು ವಾರಕ್ಕೆ ಮರಿಯಾದವು ಎಂಟು. ಅಂದಿನಿಂದ ಅತ್ತೆಯ ಕುರ್ಚಿಯೂ ಹಿತ್ತಲಿಗೆ ಹೋಯಿತು. ದೊಡ್ಡವಾಗುತ್ತ ತಿಳಿದದ್ದು, ಎಂಟರಲ್ಲಿ ಒಂದು ಹೇಂಟೆ, ಏಳು ಹುಂಜ.

ಆರು ತಿಂಗಳಿಗೆ ಡೈರಿಯವರು ಪರೀಕ್ಷೆಗೆ ಬಂದರು. ಒಂದೊಂದನ್ನೇ ಎತ್ತಿ ಕೊಕ್ಕು ನೋಡಿದರು, ಕಾಲು ಎಳೆದರು, ಬಾಲ ಬಿಡಿಸಿದರು. ಹೆಣ್ಣು ನೋಡಲು ಬಂದವರೂ ಅಷ್ಟು ತಪ್ಪು ಹುಡುಕುವುದಿಲ್ಲ. ಒಂದರ ಕೊಕ್ಕು ನೇರ, ಒಂದರ ಬೆರಳು ಸೊಟ್ಟ, ಒಂದು ಕುಳ್ಳು, ಹೀಗೆ ಆರೂ ಫೇಲ್. ಏಳನೆಯದರ ಕೊಕ್ಕನ್ನು ಮಾತ್ರ ಬೆಳಕಿಗೆ ತಿರುಗಿಸಿ ಎರಡೆರಡು ಸಲ ನೋಡಿದರು. "ಹದಿನೈದು ವರ್ಷದಿಂದ ಇಂಥ ಮೂಗಿಗೆ ಕಾಯ್ತಾ ಇದ್ದೆನಮ್ಮಾ," ಎಂದರು. ಆಮೇಲೆ ಸಲೀಸಾಗಿ, "ಈ ಆರನ್ನ ಭಾನುವಾರದೊಳಗೆ ಕಳಿಸಿಬಿಡಿ. ಮೂಲೆ ಅಂಗಡಿಯವನು ತಗೋತಾನೆ," ಎಂದರು.

ಮೂಲೆ ಅಂಗಡಿ ಚಿಕನ್ ಅಂಗಡಿ. ನನಗೆ ಆಗ ಅರ್ಥವಾಯಿತು.

ಅತ್ತೆಗೂ ಅರ್ಥವಾಯಿತು. "ಮೂಗು ಸರಿ ಇಲ್ಲ ಅಂತ ಕೊಯ್ಯೋದಾದ್ರೆ ನಿಮ್ಮ ಮಾವನ ಕಡೆಯೋರು ಒಬ್ರೂ ಉಳೀತಿರ್ಲಿಲ್ಲ," ಎಂದರು. ಯಜಮಾನರು ತಮಗೇ ತಿಳಿಯದಂತೆ ಮೂಗು ಮುಟ್ಟಿಕೊಂಡರು.

ಸರಿ, ಆರನ್ನೂ ಒಳ್ಳೆಯ ಮನೆ ನೋಡಿ ಕೊಟ್ಟುಬಿಡೋಣ ಎಂದು ಹೊರಟೆ. ನಮ್ಮ ಕಡೆಯವರು, ತಿನ್ನದವರು, ಕೋಳಿ ಎಂದ ಕೂಡಲೇ ಫೋನ್ ಇಟ್ಟರು. ತಿನ್ನುವವರು ಎಷ್ಟು ಬೇಗ ಒಪ್ಪಿಕೊಂಡರೆಂದರೆ ನನಗೇ ಭಯವಾಯಿತು. ಸಾಕುವುದಕ್ಕೇ ಬೇಕು ಎಂದು ಹೇಳಿದ ಮಹಾತಾಯಿಯೊಬ್ಬಳು ಮಾತಿನ ನಡುವೆ, "ಎಳೇದು ತಾನೇ?" ಎಂದಳು. ಅವಳನ್ನು ಗೇಟಿನಿಂದಲೇ ಕಳಿಸಿದೆ. ತಿನ್ನುವವರನ್ನು ಬೈಯಲು ನಾನ್ಯಾರು? ಆದರೆ ನನ್ನ ಕೈಯಲ್ಲಿ ಅಕ್ಕಿ ತಿಂದದ್ದನ್ನು ನಾನೇ ಕೊಡಲಾರೆ, ಅಷ್ಟೆ.

ಈ ಹುಂಜಗಳೋ, ಒಂದನ್ನೊಂದು ಕಂಡರೆ ಕೊಂದುಬಿಡುವ ಜಾತಿ. ಏಳಕ್ಕೂ ಬೇರೆ ಬೇರೆ ಗೂಡು ಬೇಕು. ಯಜಮಾನರು ಕೋಯಂಬೇಡು ಮಾರುಕಟ್ಟೆಯಿಂದ ತರಕಾರಿ ಕ್ರೇಟುಗಳನ್ನು ತಂದು ತಂತಿ ಬಿಗಿದು ಹಿತ್ತಲನ್ನು ಗೂಡ್ಸ್ ಯಾರ್ಡ್ ಮಾಡಿದರು. ಒಂದು ಕೂಗಿದರೆ ಉಳಿದ ಆರೂ ಉತ್ತರ ಕೊಡುತ್ತಿದ್ದವು. ಪಕ್ಕದ ಮನೆಯ ಐಟಿ ಹುಡುಗನಿಗೆ ನೈಟ್ ಶಿಫ್ಟ್, ಮಲಗುವುದು ಹಗಲು. ಅವನು ಕೆಂಪು ಕಣ್ಣು ಮಾಡಿಕೊಂಡು ಬಂದು, "ಆಂಟಿ, ಪ್ಲೀಸ್," ಎಂದಷ್ಟೇ ಹೇಳಿ ಹೋಗುತ್ತಿದ್ದ. ಕೊನೆಗೆ ಬೀದಿಯ ಸಂಘದವರು ಸೇರಿ ತೀರ್ಮಾನ ಮಾಡಿದರು: ತಿಂಗಳೊಳಗೆ ಒಂದೇ ಹುಂಜ ಉಳಿಯಬೇಕು. ಆ ಒಂದು ಯಾವುದೆಂದು ಬೀದಿಗೆಲ್ಲ ಗೊತ್ತಿತ್ತು. ಪ್ರದರ್ಶನಕ್ಕೆ ಹೆಸರು ಕೊಟ್ಟಾಗಿತ್ತು, ಶೋಕೇಸಿನಲ್ಲಿ ಕಪ್ಪಿಗೆ ಜಾಗ ಮಾಡಿಯೂ ಆಗಿತ್ತು.

ಗಡುವಿಗೆ ನಾಲ್ಕು ದಿನ ಇರುವಾಗ ಡೈರಿಯವರಿಗೆ ಫೋನ್ ಮಾಡಿ ಆರನ್ನೂ ನೀವೇ ಇಟ್ಟುಕೊಳ್ಳಿ ಎಂದು ಗೋಗರೆದೆ. ಅವರು ಬಂದು ಕಾಫಿ ಕುಡಿದು, ಲೋಟ ಕೆಳಗಿಟ್ಟು, "ಏಳನ್ನೂ ಕೊಡಿ. ಆರನ್ನ ಅವು ಸಾಯೋವರೆಗೆ ಸಾಕ್ತೀನಿ," ಎಂದರು.

"ಇದೇನು ಬ್ಲ್ಯಾಕ್‌ಮೇಲಾ?" ಎಂದೆ. ನನಗೆ ಮೈಯೆಲ್ಲ ಉರಿದುಹೋಗಿತ್ತು.

"ನಾನು ಜನ್ಮದಲ್ಲಿ ಫೇಲಾದ ಕೋಳಿ ಇಟ್ಕೊಂಡವನಲ್ಲಮ್ಮಾ. ಒಂದಲ್ಲ, ಆರು ಇಟ್ಕೊಂಡ್ರೆ ಕೋಳಿ ಸಾಕೋರೆಲ್ಲ ಬಂದು ನಗ್ತಾರೆ. ಅವರ ಬಾಯಿ ಮುಚ್ಚಿಸೋಕೆ ನನ್ನ ಅಂಗಳದಲ್ಲಿ ಆ ಏಳನೆಯದೂ ಬೇಕಲ್ಲ," ಎಂದರು. ಪ್ರದರ್ಶನಕ್ಕೆ ಅದು ಹೋಗುವುದೂ ಅವರ ಹೆಸರಿನಲ್ಲೇ. ಅದರಲ್ಲಿ ಚೌಕಾಸಿಯಿಲ್ಲ.

ಯಜಮಾನರು ನನ್ನನ್ನು ಒಳಗೆ ಕರೆದು, "ಕಪ್ ಬೇಕಾದ್ರೆ ಅಂಗಡೀಲಿ ಸಿಗತ್ತೆ ಕಣೇ. ಹೆಸರೂ ಕೆತ್ತಿ ಕೊಡ್ತಾರೆ," ಎಂದು ಸಮಾಧಾನ ಹೇಳಿದರು. ಅವರಿಗೂ ಚೆನ್ನಾಗಿ ಬೈದೆ. ಅತ್ತೆ ಈ ಸಲ ತೀರ್ಪು ಕೊಡಲಿಲ್ಲ, ನನ್ನ ಮುಖವನ್ನೇ ನೋಡುತ್ತ ಕೂತಿದ್ದರು. ಹಿತ್ತಲಿಗೆ ಹೋಗಿ ಆ ಏಳನೆಯವನನ್ನು ನಾನೇ ಎತ್ತಿಕೊಂಡು ಬಂದೆ. ಕೊಡುವಾಗ ಅತ್ತುಬಿಟ್ಟೆ, ಅದರಲ್ಲಿ ನಾಚಿಕೆ ಏನಿಲ್ಲ. ಹುಂಜ ಮಾತ್ರ ಎಂದಿನ ತಾತ್ಸಾರದಲ್ಲೇ ಬುಟ್ಟಿಯೊಳಗೆ ಹೋಯಿತು.

ಪ್ರದರ್ಶನಕ್ಕೆ ಹೋಗುವುದಿಲ್ಲ ಎಂದು ಶಪಥ ಮಾಡಿ, ಹೋದೆ. ಅದೇ ಗೆದ್ದಿತು. ಡೈರಿಯವರು ಕಪ್ ಹಿಡಿದುಕೊಂಡು ಜನರ ನಡುವಿನಿಂದ ನನ್ನ ಬಳಿಗೇ ಬಂದು, "ಬನ್ನಿ, ಫೋಟೋ ತೆಗೀತಾರೆ," ಎಂದರು.

"ಮೊದಲು ಆ ಆರನ್ನ ತೋರಿಸಿ," ಎಂದೆ.

ನಕ್ಕು, ಹುಂಜದ ಬುಟ್ಟಿಯ ಜೊತೆ ತಮ್ಮ ಗಾಡಿಯಲ್ಲೇ ಕರೆದುಕೊಂಡು ಹೋದರು. ಅಂಗಳದಲ್ಲಿ ಒಂದೊಂದು ತೆಂಗಿನ ಮರದ ಕೆಳಗೆ ಒಂದೊಂದು ಹುಂಜವನ್ನು ದಾರದಲ್ಲಿ ಕಟ್ಟಿದ್ದರು. ಎಣಿಸಿದೆ. ಐದು. ಆರನೆಯ ಮರದ ಕೆಳಗೆ ದಾರ ಮಾತ್ರ ಬಿದ್ದಿತ್ತು. ಆಮೇಲೆ ತಮಿಳಿನಲ್ಲಿ ನಾನು ಅವರಿಗೆ ಅಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಅವರೂ ಕಕ್ಕಾಬಿಕ್ಕಿಯಾಗಿ, ಬೆಳಿಗ್ಗೆ ಇತ್ತಲ್ಲಮ್ಮಾ ಎಂದು ಮರದ ಸುತ್ತ ಹುಡುಕತೊಡಗಿದರು.

ಗಲಾಟೆ ಕೇಳಿ ಅಡುಗೆಮನೆಯಿಂದ ಅವರ ಹೆಂಡತಿಯ ದನಿ ಬಂತು. "ಇಲ್ಲಿದೆ, ಕಿರುಚಬೇಡಿ."

ಒಳಗೆ ಆಕೆ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಮಡಿಲಲ್ಲಿ ಆರನೆಯವನು ಟವೆಲ್ ಸುತ್ತಿಸಿಕೊಂಡು ಮಲಗಿದ್ದ. "ನೆಗಡಿಯಾಗಿದೆ. ಅರಿಶಿನ ಮೆಣಸು ಕುಡಿಸ್ತಾ ಇದ್ದೆ," ಎಂದರು. ನಾನು ಪಕ್ಕದಲ್ಲಿ ಕೂತೆ. ಅವನು ಒಮ್ಮೆ ಸೀನಿದ. ಹೊರಗಿನಿಂದ ಡೈರಿಯವರು, "ಅಮ್ಮಾ, ನಮ್ಮ ಚಾಂಪಿಯನ್ನ ಇಳಿಸಿದ್ದೀನಿ, ನೋಡ್ತೀರಾ?" ಎಂದು ಕೂಗಿದಾಗಲೇ ನನಗೆ ನೆನಪಾದದ್ದು, ಅಷ್ಟು ದೂರ ಅದರ ಪಕ್ಕದಲ್ಲೇ ಕೂತು ಬಂದಿದ್ದರೂ ನಾನು ಒಮ್ಮೆಯೂ ಬುಟ್ಟಿಯೊಳಗೆ ನೋಡಿರಲಿಲ್ಲ.

"ಆಮೇಲೆ ಬರ್ತೀನಿ," ಎಂದು ಹೇಳಿ, ಆಕೆಯ ಕೈಯಿಂದ ಚಮಚ ತೆಗೆದುಕೊಂಡೆ.