ಮಸ್ಕಿ ಹೋಟೆಲಿನಲ್ಲಿ ಸತ್ತ ಆನೆ

ಹೋದ ವಾರ ನನ್ನ ಹೆಂಡತಿ ನಾಲ್ಕು ದಿನ ತನ್ನ ಸ್ವಂತ ತಂಗಿಯ ಜೊತೆ ಮಾತು ಬಿಟ್ಟಿದ್ದಳು. ಆಸ್ತಿಯ ಜಗಳವಲ್ಲ. ಬಂಗಾರದ ಜಗಳವೂ ಅಲ್ಲ (ತಂಗಿಯ ಗಂಡ ಹಟ್ಟಿಯ ಬಂಗಾರದ ಗಣಿಯಲ್ಲಿದ್ದಾನೆ, ಹಾಗಾಗಿ ನಿಮಗೆ ಅನುಮಾನ ಬರುವುದು ಸಹಜ). ಜಗಳ ಕೇರಂನದು. ಅದೂ ಮೊಬೈಲ್ ಕೇರಂ.

ನಾವಿರುವುದು ಲಿಂಗಸುಗೂರಿನಲ್ಲಿ. ಹೆಂಡತಿ ಶಾರದಾ, ಹೈಸ್ಕೂಲಿನಲ್ಲಿ ಗಣಿತ ಕಲಿಸಿ ರಿಟೈರ್ ಆದವಳು. ಸಂಜೆ ಆರಕ್ಕೆ ಸರಿಯಾಗಿ ಇವಳು ಇಲ್ಲಿ, ತಂಗಿ ವಿಜಯಾ ಹಟ್ಟಿಯಲ್ಲಿ ಫೋನ್ ಹಿಡಿದು ಕೂರುತ್ತಾರೆ. ಸ್ಪೀಕರ್ ಆನ್ ಇರುತ್ತದೆ. ಆ ದಿನ ಕೇಳಿಸಿದ್ದು ಇಷ್ಟು.

"ರೆಡ್ ಅಲ್ಲೇ ಇತ್ತಲ್ಲಲೇ ವಿಜಿ! ನೀ ಹ್ಯಾಂಗ ಹಾಕಿದಿ?"

"ಅಕ್ಕಾ, ನನ್ನ ಫೋನಿನ್ಯಾಗ ಅದು ಯಾವಾಗೋ ಒಳಗ ಬಿದ್ದೈತಿ."

"ಸಣ್ಣಾಕಿದ್ದಾಗಿಂದ ಹಿಂಗ ಮೋಸ ಮಾಡ್ಕೊಂತ ಬಂದಿ ನೀ."

ಕಟ್. ನಾಲ್ಕು ದಿನ ಮೌನ.

ನಮ್ಮ ನೆಟ್ ತಡೆದು ತಡೆದು ಬರುತ್ತಿತ್ತು, ಮನೆಯಲ್ಲಿ ಶಾಂತಿ ಬೇಕಿತ್ತು. ಆದ್ದರಿಂದ ಇಂಟರ್ನೆಟ್ ಲೈನ್ ಬದಲಿಸುವುದೆಂದು ತೀರ್ಮಾನವಾಯಿತು. ಎರಡು ಆಯ್ಕೆ ಇದ್ದವು. ಒಂದು, ಕಂಬದಿಂದ ಎಳೆದು ತರುವ ಫೈಬರ್. ಇನ್ನೊಂದು, ಮಾಳಿಗೆಯ ಮೇಲೆ ಡಬ್ಬಿ ಇಟ್ಟು ಗಾಳಿಯಲ್ಲಿ ಹಿಡಿಯುವುದು. ಎರಡರ ಪಾಂಪ್ಲೆಟ್‌ನಲ್ಲೂ ಸ್ಪೀಡ್ ಎಂಬ ಪದ ದಪ್ಪ ಅಕ್ಷರದಲ್ಲಿತ್ತು. ನಾನು ಸ್ಪೀಡ್ ಜಾಸ್ತಿ ಇದ್ದದ್ದಕ್ಕೆ ಟಿಕ್ ಹಾಕಿದೆ.

ಲೈನ್ ಹಾಕಲು ಬಂದವನ ಹೆಸರು ಪ್ರದೀಪ. ನಲವತ್ತು ದಾಟಿದ ಮನುಷ್ಯ, ನಿಧಾನ ಮಾತು. ನನ್ನ ಟಿಕ್ ನೋಡಿ ನಕ್ಕ.

"ಸರ್, ಆಟ ಆಡೋರು ಸ್ಪೀಡ್ ನೋಡಬಾರ್ದ್ರಿ. ಪಿಂಗ್ ನೋಡಬೇಕು."

"ಪಿಂಗ್ ಅಂದ್ರ?"

"ಸ್ಪೀಡ್ ಅಂದ್ರ ರೋಡ್ ಎಷ್ಟು ಅಗಲ ಐತಿ ಅಂತ. ಪಿಂಗ್ ಅಂದ್ರ ಬಸ್ ಹೋಗಿ ಹೊಳ್ಳಿ ಬರಾಕ ಎಷ್ಟೊತ್ತು ಹಿಡೀತೈತಿ ಅಂತ."

ಬಸ್! ಇವನಿಗೆ ಬೇರೆ ಉದಾಹರಣೆ ಸಿಗಲಿಲ್ಲವೇ? ಯಾಕೆಂದರೆ ಒಂದು ಕಾಲದಲ್ಲಿ ನನ್ನ ಪಿಂಗ್ ನಿಜಕ್ಕೂ ಬಸ್ಸಿನಲ್ಲೇ ಓಡಾಡುತ್ತಿತ್ತು. ಲಿಂಗಸುಗೂರಿನಿಂದ ಸಿಂಧನೂರಿಗೆ, ನಡುವೆ ಮಸ್ಕಿಯಲ್ಲಿ ಹತ್ತು ನಿಮಿಷ ಚಹಾಕ್ಕೆ ನಿಂತು.

ಎಂಬತ್ತೊಂಬತ್ತೋ ತೊಂಬತ್ತೋ ಇರಬೇಕು (ಇತಿಹಾಸದಲ್ಲಿ ಎಂ.ಎ. ಮಾಡಿದವನಿಗೆ ತನ್ನದೇ ಇಸವಿ ನೆನಪಿಲ್ಲ, ನಗಬೇಡಿ). ಯೂನಿವರ್ಸಿಟಿ ಹಾಸ್ಟೆಲ್ಲಿನಲ್ಲಿ ನನ್ನ ಪಕ್ಕದ ರೂಮಿನವನು ನಿತಾಯಿ. ಸಿಂಧನೂರು ಪಕ್ಕದ ಆರ್.ಎಚ್. ಕ್ಯಾಂಪಿನ ಹುಡುಗ. ಅವನ ಮನೆಯವರು ಬಂಗಾಳದ ಗಡಿಯಾಚೆಯಿಂದ ನಿರಾಶ್ರಿತರಾಗಿ ಬಂದು ಇಲ್ಲಿ ಬತ್ತ ಬೆಳೆದವರು. ಮನೆಯಲ್ಲಿ ಬಂಗಾಳಿ, ನಮ್ಮ ಜೊತೆ ನಮ್ಮಂಥದೇ ಕನ್ನಡ.

ಎರಡು ವರ್ಷ ದಿನಾ ಚೆಸ್ ಆಡಿದೆವು. ಮಾತಿಲ್ಲದ ಆಟ. ಎದುರು ಕೂತಾಗ ಕಾಯಿಗಳಿಗೆ ಹೆಸರು ಯಾಕೆ ಬೇಕು? ಬೆರಳು ಇಟ್ಟು ಸರಿಸಿದರಾಯಿತು. ಎರಡು ವರ್ಷದಲ್ಲಿ ಒಮ್ಮೆಯೂ ನಾವು ಒಂದು ಕಾಯಿಯ ಹೆಸರನ್ನು ಬಾಯಿಬಿಟ್ಟು ಹೇಳಲಿಲ್ಲವೇ? ಹೇಳಿರಲಿಕ್ಕಿಲ್ಲ. ಹೇಳಿದ್ದರೆ ಈ ಅಂಕಣ ಇರುತ್ತಿರಲಿಲ್ಲ.

ಪರೀಕ್ಷೆ ಮುಗಿಯಿತು. ಅವನು ಕ್ಯಾಂಪಿಗೆ, ನಾನು ಲಿಂಗಸುಗೂರಿಗೆ. ಇಬ್ಬರಿಗೂ ಕೆಲಸವಿಲ್ಲ, ಆದರೆ ಆಟ ಬಿಡುವ ಮನಸ್ಸಿಲ್ಲ. ಈಗ ಕನೆಕ್ಷನ್ ಆರಿಸಬೇಕು. ಯಾವುದು?

ಟ್ರಂಕ್ ಕಾಲ್ ಇತ್ತು. ಬುಕ್ ಮಾಡಿ ಕಾಯಬೇಕು, ಸಿಕ್ಕರೆ ಓಣಿಗೆಲ್ಲ ಕೇಳುವಂತೆ ಒದರಬೇಕು. ಪೋಸ್ಟ್ ಕಾರ್ಡ್ ಇತ್ತು. ವಾರಕ್ಕೆ ಎರಡು ನಡೆ ಸಾಗಿದರೆ ಹೆಚ್ಚು, ಒಂದು ಆಟ ಮುಗಿಯುವಷ್ಟರಲ್ಲಿ ಮದುವೆಯಾಗಿ ಮಕ್ಕಳಾಗುತ್ತಿದ್ದವು. ಉಳಿದದ್ದು ಬಸ್. ದಿನಕ್ಕೆ ಒಂದು ನಡೆ ಅತ್ತ, ಒಂದು ಇತ್ತ. ಕಂಡಕ್ಟರ್ ವೀರಭದ್ರಪ್ಪ ಟಿಕೆಟ್ ಕಟ್ಟಿನ ಕೆಳಗೆ ನಮ್ಮ ಚೀಟಿ ಸಿಕ್ಕಿಸಿಕೊಳ್ಳುತ್ತಿದ್ದ. ಬೋರ್ಡಿನ ಅರವತ್ನಾಲ್ಕು ಮನೆಗೂ ನಂಬರ್ ಕೊಟ್ಟಿದ್ದೆವು. ಚೀಟಿಯಲ್ಲಿ ಎರಡೇ ಸಂಖ್ಯೆ: ಇಲ್ಲಿಂದ, ಇಲ್ಲಿಗೆ. ಕಾಯಿಯ ಹೆಸರು ಅಲ್ಲೂ ಬೇಕಿರಲಿಲ್ಲ.

ಮಸ್ಕಿಯಲ್ಲಿ ಬಸ್ ನಿಲ್ಲುತ್ತಿದ್ದದ್ದು ಬಾಷಾ ಸಾಬರ ಹೋಟೆಲಿನ ಮುಂದೆ. ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ, ಚಹಾ. ಒಂದು ದಿನ ಬಾಷಾ ಸಾಬ ವೀರಭದ್ರಪ್ಪನ ಕೈಯಿಂದ ಚೀಟಿ ಇಸಿದುಕೊಂಡರಂತೆ.

"ಏನ್ರೀ ಇದು, ಓಸಿ ಮಟ್ಕಾ ನಂಬರೇನು?"

"ಚೆಸ್ ಅಂತ್ರೀ. ಓದಿದ ಹುಡುಗ್ರು, ತಲಿ ಕೆಟ್ಟೈತಿ."

ಮರುದಿನದಿಂದ ಗಲ್ಲಾಪೆಟ್ಟಿಗೆಯ ಪಕ್ಕ ಮೂರನೆಯ ಬೋರ್ಡ್ ಬಂತು. ನಮ್ಮಿಬ್ಬರ ನಡೆಗಳೂ ಮೊದಲು ಮಸ್ಕಿಯ ಬೋರ್ಡಿನಲ್ಲಿ ನಡೆದು ಆಮೇಲೆ ಮುಂದಿನ ಊರಿಗೆ ಹೊರಡುತ್ತಿದ್ದವು. ಈಗಿನವರು ಅದಕ್ಕೆ ಸರ್ವರ್ ಅನ್ನುತ್ತಾರಂತೆ. ನಮ್ಮ ಸರ್ವರ್ ಚಹಾವನ್ನೂ ಸರ್ವ್ ಮಾಡುತ್ತಿತ್ತು. ಪ್ರೇಕ್ಷಕರೂ ಇದ್ದರು. ಒಮ್ಮೆ ನಾನು ಮಸ್ಕಿಯಲ್ಲಿ ಇಳಿದಾಗ ಮಿರ್ಚಿ ತಿನ್ನುತ್ತಿದ್ದವನೊಬ್ಬ ನನ್ನನ್ನು ನೋಡಿ, "ಕರೀ ಕಾಯಿ ನಿಮ್ದೇನ್ರೀ? ಹೋದ್ರಿ ಬಿಡ್ರಿ ನೀವು" ಎಂದ. ಅವನ ಹೆಸರೂ ನನಗೆ ಗೊತ್ತಿಲ್ಲ.

ಆ ದಿನಕ್ಕೆ ಬರುತ್ತೇನೆ.

ಮಧ್ಯಾಹ್ನದ ಬಸ್ಸಿಗೆ ಕಾಯುತ್ತಿದ್ದೆ. ವೀರಭದ್ರಪ್ಪ ಇಳಿದು ಚೀಟಿ ಕೊಟ್ಟ. ಅದರಲ್ಲಿದ್ದದ್ದು ನಿತಾಯಿಯ ಅಕ್ಷರವಲ್ಲ.

"ಇದು ಬಾಷಾ ಸಾಬ ಬರದಾರ್ರೀ. ನಿಮ್ಮ ದೋಸ್ತ ಇವತ್ತು ಚೀಟಿ ಕೊಡ್ಲಿಲ್ಲ. ಬಸ್ ಬಿಟ್ಟಿತ್ತು, ಸೈಕಲ್ ತುಳ್ಕೊಂತ ಹಿಂದ ಬಂದ. ‘ಆನಿಲೆ ಕುದುರಿ ಹೊಡದೀನಿ ಅಂತ ಹೇಳ್ರೀ’ ಅಂತ ಕಿಡಕಿಗೆ ಒದರಿದ. ಅದನ್ನ ಮಸ್ಕ್ಯಾಗ ಹೇಳಿದೆ, ಬಾಷಾ ಸಾಬ ತಮ್ಮ ಬೋರ್ಡ್ ನೋಡಿ ನಂಬರ್ ಬರದ್ರು."

"ಬಾಷಾ ಸಾಬ ಏನಂದ್ರು?"

"‘ಹಾಥಿ ಕೊಟ್ಟು ಘೋಡಾ ತಗೊಂಡಾನ? ದಿಮಾಗ್ ಖರಾಬ್ ಆಗೈತಿ’ ಅಂದ್ರು."

ಚೀಟಿಯಲ್ಲಿ 4ರಿಂದ 36ಕ್ಕೆ ಎಂದಿತ್ತು. 36ರಲ್ಲಿ ನನ್ನ ಕುದುರೆ. 4ರಲ್ಲಿ ಅವನ ಆನೆ. ನಮ್ಮಲ್ಲಿ ನೇರ ನಡೆಯುವುದು ಆನೆ, ಓರೆಯಾಗಿ ಓಡುವುದು ಒಂಟೆ, ನಿಮಗೂ ಗೊತ್ತು. ನಾನು ಕುಣಿದಾಡಿದೆ. 45ರಲ್ಲಿದ್ದ ನನ್ನ ಪ್ಯಾದೆಯಿಂದ, ಅಂದರೆ ಕಾಲಾಳಿನಿಂದ, ಆ ಆನೆಯನ್ನು ಹೊಡೆದು ಚೀಟಿ ಕಳಿಸಿದೆ.

ಮರುದಿನ ಅವನ ಉತ್ತರ ಬಂತು. ಅವನದೇ ಅಕ್ಷರ. 4ರಿಂದ 5ಕ್ಕೆ. ಕೆಳಗೆ: ಶಹಾ ಮಾತ್. ಅಂದರೆ ಚೆಕ್‌ಮೇಟ್.

4ರಲ್ಲಿ ಏನಿದೆ? ಏನೂ ಇಲ್ಲ! ಅಲ್ಲಿದ್ದ ಆನೆ ನಿನ್ನೆಯೇ ಸತ್ತಿದೆ. ನನ್ನ ಟೇಬಲ್ಲಿನ ಮೇಲೆ ಮಲಗಿದೆ. ಸತ್ತ ಆನೆ ಎದ್ದು ಬಂದು ನನ್ನ ರಾಜನಿಗೆ ಮಾತ್ ಕೊಡುತ್ತದೆಯೇ?

ಮಸ್ಕಿಗೆ ಹೋಗಿ ಬಾಷಾ ಸಾಬರ ಬೋರ್ಡ್ ನೋಡಿದೆ. ಅಲ್ಲೂ ಆನೆ ಸತ್ತಿತ್ತು. ಎರಡು ಬೋರ್ಡ್ ನನ್ನ ಕಡೆ, ಒಂದು ಅವನ ಕಡೆ. ಬಹುಮತ. ಅಲ್ಲೇ ಹೋಟೆಲಿನಲ್ಲಿ ಕೂತು ಕಾರ್ಡ್ ಬರೆದೆ. "ಸತ್ತ ಆನೆಯನ್ನು ನಡೆಸುವವನ ಜೊತೆ ನಾನು ಆಡುವುದಿಲ್ಲ."

ಈ ಕಥೆಯನ್ನು ಮೂವತ್ತು ವರ್ಷದಿಂದ ಹೇಳುತ್ತ ಬಂದಿದ್ದೇನೆ. ಮದುವೆ ಮನೆಗಳಲ್ಲಿ, ಸ್ಟಾಫ್ ರೂಮಿನಲ್ಲಿ. ಎಲ್ಲರೂ ನಗುತ್ತಾರೆ. ಆದರೆ ಕಾರ್ಡಿನಲ್ಲಿ ಇನ್ನೊಂದು ಸಾಲಿತ್ತು. ಅದನ್ನು ಯಾವತ್ತೂ ಹೇಳಿಲ್ಲ, ಶಾರದಾಳಿಗೂ ಹೇಳಿಲ್ಲ. ಈಗ ಬರೆಯುತ್ತೇನೆ.

"ನಿಮ್ಮ ಕ್ಯಾಂಪಿನಲ್ಲಿ ಹೀಗೇ ಆಡುತ್ತೀರೇನು?"

ಪೋಸ್ಟ್ ಕಾರ್ಡ್, ಸ್ವಾಮಿ. ಅವನ ಕೈ ಸೇರುವ ಮೊದಲು ಎಷ್ಟು ಜನ ಓದಿದರೋ.

ಅವನಿಂದ ಒಂದೇ ಸಾಲಿನ ಉತ್ತರ ಬಂತು. "ನನ್ನ ಆನೆ ಸತ್ತದ್ದು ನಿಜ. ದೋಣಿ ಇನ್ನೂ ಇದೆ."

ದೋಣಿಯೇ? ಕ್ಯಾಂಪಿನ ಮಾತೆತ್ತಿದ್ದಕ್ಕೆ, ಬಿಟ್ಟು ಬಂದ ದೇಶದ ನದಿ, ದೋಣಿ ಅಂತ ನಾಟಕದ ಡೈಲಾಗ್ ಹೊಡೆದಿದ್ದಾನೆ ಅಂದುಕೊಂಡೆ. ತಪ್ಪು ಮಾಡಿ ಮೇಲೆ ಕವಿತ್ವ ಬೇರೆ! ಕಾರ್ಡ್ ಹರಿದೆ. ಆಮೇಲೆ ನಾವು ಮಾತಾಡಲಿಲ್ಲ.

ಈಗ ಮತ್ತೆ ಹೋದ ವಾರಕ್ಕೆ.

ಪ್ರದೀಪ ಎರಡೂ ಲೈನ್‌ಗಳನ್ನು ಪರೀಕ್ಷೆಗೆ ಜೋಡಿಸಿದ. "ಯಾವುದು ಬೇಕು ಅಂತ ನೀವೇ ಆಡಿ ನೋಡ್ರಿ ಸರ್. ಏನ್ ಆಡ್ತೀರಿ?"

"ಚೆಸ್ ಬಿಟ್ರ ನನಗ ಬ್ಯಾರೇ ಗೊತ್ತಿಲ್ಲಪ."

ಅವನ ಫೋನ್ ಅವನ ಕೈಯಲ್ಲಿ, ನನ್ನದು ನನ್ನ ಕೈಯಲ್ಲಿ. ಡಬ್ಬಿಯ ಲೈನಿನಲ್ಲಿ ನಡೆ ಆಗಾಗ ತಡೆದು ತಡೆದು ಬರುತ್ತಿತ್ತು. ಫೈಬರಿನಲ್ಲಿ ಬೆರಳು ಎತ್ತುವಷ್ಟರಲ್ಲಿ ಬಂದು ಬೀಳುತ್ತಿತ್ತು. ಫೈಬರ್ ಗಟ್ಟಿ ಎಂದು ನಾನು ಹೇಳುವುದಕ್ಕೂ, ಅವನು ನನ್ನ ಮೂಲೆಯ ಆನೆಯನ್ನು ಹೊಡೆಯುವುದಕ್ಕೂ ಸರಿಹೋಯಿತು.

"ನಿಮ್ಮ ದೋಣಿ ಹೋತು ನೋಡ್ರಿ ಸರ್" ಎಂದ.

ನಾನು ಫೋನ್ ಕೆಳಗಿಟ್ಟೆ.

"ಏನಂದಿ?"

"ತಪ್ಪು ತಿಳ್ಕೋಬ್ಯಾಡ್ರಿ, ರೂಢಿ. ನಮ್ಮ ಮನ್ಯಾಗ ಇದಕ್ಕ ನೌಕಾ ಅಂತೀವ್ರಿ. ದೋಣಿ."

"ಮತ್ತ ಆನಿ ಯಾವ್ದು?"

"ಇದು ನೋಡ್ರಿ" ಎಂದು ಒಂಟೆಯ ಮೇಲೆ ಬೆರಳಿಟ್ಟ. "ಓರೆ ಓಡತೈತಲ್ಲ, ಅದು ಆನಿ. ನೀವು ಅದಕ್ಕ ಒಂಟಿ ಅಂತೀರಿ. ನಾವು ಆರ್.ಎಚ್. ಕ್ಯಾಂಪಿನ ಬಂಗಾಳಿ ಮಂದಿರಿ, ನಮ್ಮಲ್ಲಿ ಒಂಟಿ ಎಲ್ಲಿಂದ ಬರ್ಬೇಕು? ನೀರಿನ ಮಂದಿ ನಾವು."

ಅವನು ನಕ್ಕ. ನನಗೆ ನಗು ಬರಲಿಲ್ಲ.

ಅವನು ಹೋದ ಮೇಲೆ ಹಳೆಯ ಬೋರ್ಡ್ ಹುಡುಕಿ ತೆಗೆದೆ. ನನ್ನ ನೆನಪನ್ನು ನಾನು ನಂಬುವುದಿಲ್ಲ. ಯಾವ ತಿಂಗಳು, ಬಾಷಾ ಸಾಬರಿಗೆ ಗಡ್ಡ ಇತ್ತೋ ಇಲ್ಲವೋ, ಒಂದೂ ಖಾತ್ರಿಯಿಲ್ಲ. ಆದರೆ ಜಗಳದ ನಂಬರುಗಳನ್ನು ಯಾರು ಮರೆಯುತ್ತಾರೆ? 4, 36, 45, 5. ಜೋಡಿಸಿದೆ. 27ರಲ್ಲಿ ಅವನ ಒಂಟೆ ಇತ್ತು, ಅದೂ ನನ್ನ ಕುದುರೆಯ ಮೇಲೆ ಕಣ್ಣಿಟ್ಟಿತ್ತು. ಅದೇ ಅವನ ಆನೆ. ಅದರಿಂದ ಕುದುರೆ ಹೊಡೆದ. ನಾನು ಆಸೆಗೆ ಬಿದ್ದು ಪ್ಯಾದೆ ಸರಿಸಿದೆ. ಪ್ಯಾದೆ ಸರಿದದ್ದೇ ನನ್ನ ರಾಜನ ಮುಂದಿನ ಬಾಗಿಲು ತೆರೆಯಿತು. 4ರಲ್ಲಿ ಸುಮ್ಮನೆ ಕೂತಿದ್ದ ದೋಣಿ ಒಂದೇ ಒಂದು ಮನೆ ಪಕ್ಕಕ್ಕೆ ಸರಿದು ಆ ಬಾಗಿಲಿಗೆ ಎದುರಾಗಿ ನಿಂತಿತು. ಮಾತ್.

ಆನೆಯನ್ನು ಅವನು ಕಳೆದುಕೊಂಡಿರಲಿಲ್ಲ. ಬೇಕೆಂದೇ ಕೊಟ್ಟಿದ್ದ. ಅವನು ಆಡಿದ್ದರಲ್ಲೇ ಅತಿ ಚೆಂದದ ಆಟ ಅದು. ಅದಕ್ಕೆ ನನ್ನಿಂದ ಸಿಕ್ಕಿದ್ದು ಆ ಕಾರ್ಡ್.

ಮತ್ತೆ ನನ್ನ ಬಹುಮತ? ಮಸ್ಕಿಯ ಬೋರ್ಡಿನ ತಪ್ಪನ್ನೇ ನನ್ನ ಬೋರ್ಡ್ ನಕಲು ಮಾಡಿತ್ತು. ಒಂದೇ ಮೂಲದಿಂದ ಬಂದ ಎರಡು ಸಾಕ್ಷಿ ಎಂದರೆ ಒಂದೇ ಸಾಕ್ಷಿ. ಎಂ.ಎ. ಮೊದಲ ವರ್ಷದ ಪಾಠ ಇದು. ನನಗೆ ಒಳ್ಳೆ ಮಾರ್ಕ್ಸ್ ಬಂದಿತ್ತು.

ಆದರೂ ಸಂಶಯಪಟ್ಟೆ. ‘ದೋಣಿ’ ಎನ್ನುವ ಪದವನ್ನು ಈಗ ಪ್ರದೀಪನ ಬಾಯಿಂದ ಕೇಳಿ ಹಳೆಯ ಕಾರ್ಡಿಗೆ ನಾನೇ ಅಂಟಿಸುತ್ತಿದ್ದೇನೆಯೇ? ಅಡುಗೆ ಮನೆಗೆ ಹೋಗಿ ಶಾರದಾಳನ್ನು ಕೇಳಿದೆ. "ಆ ಚೆಸ್ಸಿನ ದೋಸ್ತ ಕಡೀಗೆ ಏನ್ ಬರದಿದ್ದ, ನೆನಪೈತೇನು?"

"ದೋಣಿ ಇನ್ನೂ ಐತಿ ಅಂತ ಬರದಿದ್ನಂತಲ್ಲ. ಮದಿವಿಯಾದ ಹೊಸದಾಗ ಹೇಳಿ ಹೇಳಿ ನಕ್ಕಿದ್ರಲ್ರಿ. ಯಾಕ?"

ಹೇಳಿದೆ. ಎಲ್ಲವನ್ನೂ. ಇಷ್ಟು ವರ್ಷ ಮುಚ್ಚಿಟ್ಟ ಆ ಸಾಲನ್ನೂ ಹೇಳಿದೆ.

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಕೈ ತೊಳೆದು ಫೋನ್ ತೆಗೆದುಕೊಂಡು ಹೊರಗೆ ಹೋದಳು. "ವಿಜೀ, ನಿನ್ನ ಫೋನಿನ್ಯಾಗ ರೆಡ್ ಎಲ್ಲಿತ್ತಂದಿ? ಸರಿಯಾಗಿ ಹೇಳು" ಎನ್ನುವುದು ಕೇಳಿಸಿತು. ಆಮೇಲೆ ನಗು.

ಮರುದಿನ ಫೈಬರ್ ಪಕ್ಕಾ ಮಾಡಲು ಪ್ರದೀಪ ಬಂದ. ಕೇಳದೆ ಇರಲಾಗಲಿಲ್ಲ. ನಿತಾಯಿ ಅಂತ ಒಬ್ಬನಿದ್ದ, ಹಾಸ್ಟೆಲ್ಲಿನಲ್ಲಿ ಓದಿದವನು, ಗೊತ್ತೇನು?

"ನಿತಾಯಿ ಕಾಕಾ? ಅಯ್ಯ, ಗೊತ್ತಿಲ್ದ ಏನ್ರಿ! ನನಗ ಚೆಸ್ ಕಲಿಸಿದವ್ರೇ ಅವ್ರು. ನಂಬರ್ ಬರ್ಕೋರಿ."

ಬರೆದುಕೊಂಡೆ. ಹತ್ತು ಅಂಕಿ. ಹಿಂದೆ ಎರಡೇ ಸಂಖ್ಯೆಯಲ್ಲಿ ಮಾತು ಮುಗಿಯುತ್ತಿತ್ತು.

ಈಗ ನಮ್ಮ ಮನೆಯ ಲೈನ್ ಸೂಪರ್. ಅಕ್ಕ ತಂಗಿ ಸಂಜೆ ಆರಕ್ಕೆ ಕೇರಂ ಆಡುತ್ತಾರೆ, ರೆಡ್ ಇಬ್ಬರ ಫೋನಿನಲ್ಲೂ ಒಟ್ಟಿಗೇ ಬೀಳುತ್ತದೆ. ನಾನು ಪಕ್ಕದಲ್ಲಿ ಕೂತು ಪೋಸ್ಟ್ ಕಾರ್ಡ್ ಬರೆಯುತ್ತಿದ್ದೇನೆ. "ದೋಣಿ ಇನ್ನೂ ಇದೆ. ಮಾತ್ ಒಪ್ಪಿದ್ದೇನೆ. ಕ್ಯಾಂಪಿನ ಬಗ್ಗೆ ಬರೆದ ಸಾಲಿಗೆ..." ಅಲ್ಲಿಗೆ ನಿಂತಿದೆ.

ಶಾರದಾ ಬಗ್ಗಿ ನೋಡಿದಳು. "ಇಷ್ಟ್ ಚಂದ ಲೈನ್ ಹಾಕಿಸಿ ಕಾರ್ಡ್ ಬರಿಯಾಕತ್ತೀರಲ್ರಿ. ನಂಬರ್ ಐತಿ, ಫೋನ್ ಮಾಡ್ರಿ. ಅಂಜಿಕಿ ಏನು?"

ಬೈದದ್ದು ಕಾರ್ಡಿನಲ್ಲಿ, ಆದ್ದರಿಂದ ಕ್ಷಮೆ ಕೇಳುವುದೂ ಕಾರ್ಡಿನಲ್ಲೇ ಇರಲಿ ಎಂದು ಭಾರೀ ತತ್ವ ಹೇಳಿದೆ. ಅವಳು ನಂಬಲಿಲ್ಲ. ನೀವೂ ನಂಬಬೇಡಿ.

ಕಾರ್ಡಿಗೆ ಉತ್ತರ ಬಾರದಿದ್ದರೆ ದಾರಿ ದೂರ ಅಂದುಕೊಳ್ಳಬಹುದು. ಫೋನ್ ಎತ್ತಿ, ನನ್ನ ಹೆಸರು ಕೇಳಿ, ಅವನು ಸುಮ್ಮನಾಗಿಬಿಟ್ಟರೆ ನಾನು ಯಾವ ಲೈನನ್ನು ಬೈಯಲಿ?