ನೋವಿರುವ ಕೈ ಮೊದಲು

ನಮ್ಮನೆಯ ಖರ್ಚಿನ ಪದ್ಧತಿಯನ್ನು ಹೊರಗಿನವರಿಗೆ ತಿಳಿಸಿ ಹೇಳುವುದು ಕಷ್ಟ. ಸಿಂಗಸಂದ್ರದಲ್ಲಿ ಮಾವನವರ ಕಾಲದ ಹೊಲವೆಲ್ಲ ಕೈಬಿಟ್ಟುಹೋಗಿ, ಹಳೇ ಮನೆ ಇದ್ದ ಜಾಗವೊಂದು ಉಳಿದಿತ್ತು. ಅದರ ಮೇಲೆ ಸಾಲ ಎತ್ತಿ ಮನೆ ಕಟ್ಟಿದ್ದೆವು. ಕೆಳಗೆ ನಾವು, ನಮ್ಮ ಪಕ್ಕಕ್ಕೇ ಒಂದು ಬಾಡಿಗೆ ಮನೆ, ಮೊದಲ ಮಹಡಿಯಲ್ಲಿ ಇನ್ನೊಂದು, ತಾರಸಿಯ ಮೇಲೆ ಶೀಟು ಹೊದಿಸಿದ ಒಂಟಿ ರೂಮು. ಬೀದಿಯವರ ಕಣ್ಣಿಗೆ ನಾವು ಓನರುಗಳು. ಅಂಗಡಿಯವನು ಚಿಲ್ಲರೆ ಕೊಡದೆ "ಓನರಮ್ಮ, ಎರಡು ರೂಪಾಯಿಗೆಲ್ಲ ನಿಮಗ್ಯಾಕೆ ಯೋಚ್ನೆ" ಎನ್ನುತ್ತಿದ್ದ. ಎರಡು ರೂಪಾಯಿಯ ಯೋಚನೆ ನನಗಿದ್ದಷ್ಟು ಆ ಬೀದಿಯಲ್ಲಿ ಇನ್ನಾರಿಗೂ ಇರಲಿಲ್ಲ.

ನಮ್ಮ ಯಜಮಾನರು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಗೆ ಬಸ್ಸು ಓಡಿಸುತ್ತಿದ್ದರು. ಅವರ ಸಂಬಳ ಸಾಲದ ಕಂತಿಗೂ ದಿನಸಿಗೂ ಸರಿಹೋಗುತ್ತಿತ್ತು. ಮಿಕ್ಕಿದ್ದೆಲ್ಲ ಬಾಡಿಗೆಯಿಂದ ಆಗಬೇಕು. ಹಾಗಾಗಿ ನಾನು ಒಂದೊಂದು ಮನೆಗೆ ಒಂದೊಂದು ಖರ್ಚು ಗಂಟುಹಾಕಿದ್ದೆ. ಪಕ್ಕದ ಮನೆಯ ಬಾಡಿಗೆ ಮಗನ ಫೀಸಿಗೆ, ಆದ್ದರಿಂದ ಅದು ಸ್ಕೂಲ್ ಮನೆ. ಬೋರ್‌ವೆಲ್ ಬತ್ತಿದ ಮೇಲೆ ಮೊದಲ ಮಹಡಿಯ ಬಾಡಿಗೆಯನ್ನು ಟ್ಯಾಂಕರಿನವನೇ ತಿನ್ನುತ್ತಿದ್ದ. ಅದು ನೀರಿನ ಮನೆ. ತಾರಸಿಯ ರೂಮು ಮಾತ್ರೆ ಮನೆ. ನಲವತ್ತೈದು ದಾಟುತ್ತಲೇ ನನಗೆ ಸಕ್ಕರೆ ಕಾಯಿಲೆ ಬಂದು, ಅದರ ಹಿಂದೆ ಬಿ.ಪಿ.ಯೂ ಬಂದು ಆ ರೂಮಿಗೆ ಆ ಹೆಸರು ನಿಂತಿತ್ತು. "ಸ್ಕೂಲ್ ಮನೇಲಿ ನಲ್ಲಿ ಸೋರ್ತೈತಂತೆ", "ನೀರಿನ ಮನೆಯೋರು ಊರಿಗೋದ್ರಂತೆ" ಎಂದು ನಾವು ಮಾತಾಡಿಕೊಳ್ಳುವುದನ್ನು ಕೇಳಿ ನನ್ನ ತಂಗಿ ಬಿದ್ದು ಬಿದ್ದು ನಗುತ್ತಿದ್ದಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರಲ್ಲ, ನಾನು ಒಂದೊಂದು ಕಾಲಿಗೂ ಬೇರೆ ಬೇರೆ ಹಾಸಿಗೆ ಹಾಸಿಟ್ಟಿದ್ದೆ.

ಮಗನಿಗೆ ಆಗ ಹದಿನೈದು ವರ್ಷ, ಹತ್ತನೇ ಕ್ಲಾಸು. ಗಂಟಲು ಒಡೆದು, ಮೂಗಿನ ಕೆಳಗೆ ಮಸಿ ಮೆತ್ತಿದ ಹಾಗೆ ಮೀಸೆ ಚಿಗುರಿತ್ತು. ಮಾತು ಮಾತ್ರ ನಿಂತುಹೋಗಿತ್ತು. ಏನು ಕೇಳಿದರೂ "ಹೂಂ", "ಗೊತ್ತಿಲ್ಲ", "ಬಿಡಮ್ಮ", ಇಷ್ಟೇ. ಅವನ ಕ್ಲಾಸಿನಲ್ಲಿ ಅಪಾರ್ಟ್‌ಮೆಂಟಿನ ಹುಡುಗರೇ ಜಾಸ್ತಿ. ಅವರ ಹತ್ತಿರ ಇದ್ದಂಥ ಫೋನು ಇವನಿಗೂ ಬೇಕೆಂದು ಒಂದು ದಿನ ಬಾಯಿ ಬಿಟ್ಟ. ಆಗಲ್ಲ ಎಂದೆ.

"ಅವ್ರೆಲ್ಲ ಬಾಡಿಗೆ ಮನೇಲಿರೋರು ಕಣಮ್ಮ. ನಾವು ಓನರ್ ತಾನೆ?"

"ಓನರ್ ಆಗಿರೋದಕ್ಕೇ ಕಣೋ ಕೈಯಲ್ಲಿ ಕಾಸಿಲ್ಲ."

ಅವನು ಎದ್ದು ಹೋಗಿ ಬಾಗಿಲು ಹಾಕಿಕೊಂಡ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವುದು ನಿಜವೇ. ಆದರೆ ಆ ವರ್ಷ ನನ್ನ ಹೆಗ್ಗಣ ಬಿಲ ಬಿಟ್ಟು ಹೊರಗೇ ಬರುತ್ತಿರಲಿಲ್ಲ.

ಆ ಹೊತ್ತಿಗೇ ನನ್ನ ಬಲಭುಜ ಹಿಡಿದುಕೊಂಡಿತು. ಮೊದಮೊದಲು ತಾರಸಿಯ ತಂತಿಗೆ ಬಟ್ಟೆ ಹಾಕುವಾಗ ಚಳುಕ್ ಎನ್ನುತ್ತಿತ್ತು. ಆಮೇಲೆ ಅಟ್ಟದ ಮೇಲಿನ ಡಬ್ಬಕ್ಕೆ ಕೈ ಎಟುಕದಾಯಿತು. ತಲೆ ಬಾಚುವುದಕ್ಕೂ ಬೆನ್ನು ಉಜ್ಜಿಕೊಳ್ಳುವುದಕ್ಕೂ ಆಗದ ದಿನ ಡಾಕ್ಟರ ಹತ್ತಿರ ಹೋದೆ. ಫ್ರೋಜನ್ ಶೋಲ್ಡರ್, ಸಕ್ಕರೆ ಇರುವವರಿಗೆ ಈ ವಯಸ್ಸಿನಲ್ಲಿ ಬರುತ್ತದೆ, ಫಿಸಿಯೋಥೆರಪಿ ಮಾಡಿಸಿ, ಬಿಟ್ಟರೆ ಕೈ ಅಲ್ಲಿಗೇ ನಿಂತುಬಿಡಬಹುದು ಎಂದರು. ಮನೆಗೆ ಬಂದು ಹೇಳಿದರೆ ಯಜಮಾನರು, "ಭುಜದ ಬದ್ಲು ಬಾಯಿ ಹಿಡ್ಕಂಡಿದ್ರೆ ಮನೆ ತಣ್ಣಗಿರ್ತಿತ್ತು" ಎಂದರು. ಹಾಗೆಂದವರೇ ಮಾರನೇ ದಿನ ಪಾಳಿ ಬದಲಾಯಿಸಿಕೊಂಡು ನನ್ನನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಅವರ ರೀತಿಯೇ ಹಾಗೆ, ಮಾತು ಒಂದು ಕಡೆ, ಮನಸ್ಸು ಇನ್ನೊಂದು ಕಡೆ.

ಕ್ಲಿನಿಕ್ಕು ಹೊಸೂರು ರಸ್ತೆಗೆ ಹೋಗುವ ತಿರುವಿನಲ್ಲಿತ್ತು. ಮೇಲಿನ ಮಹಡಿಯಲ್ಲಿ ಮಗನ ಲೆಕ್ಕದ ಟ್ಯೂಷನ್ನು. ಫಿಸಿಯೋ ಮಾಡುವವಳು ನನ್ನ ತಂಗಿಯ ಮಗಳ ವಯಸ್ಸಿನ ಹುಡುಗಿ, ಮಾತು ಬೆಣ್ಣೆ. ಬಿಸಿ ಚೀಲ ಇಟ್ಟು ಕಾವು ಕೊಟ್ಟು, "ಆಂಟಿ, ಸ್ವಲ್ಪ ತಡ್ಕೊಳ್ಳಿ" ಎಂದು ಮೊಣಕೈ ಹಿಡಿದು ಮೇಲೆತ್ತಿದಳು ನೋಡಿ, ಜೀವ ಬಾಯಿಗೆ ಬಂತು. ಮಗನನ್ನು ಹೆರುವಾಗಲೂ ಅಷ್ಟು ಕಿರುಚಿರಲಿಲ್ಲ.

ಕೆಲವು ದಿನ ಹಲ್ಲು ಕಚ್ಚಿಕೊಂಡು ಹೋದೆ. ಅಷ್ಟರಲ್ಲಿ ಕಂಪನಿಗಳಲ್ಲಿ ಕೆಲಸ ತೆಗೆಯುವ ಕಾಲ ಬಂತು. ತಾರಸಿ ರೂಮಿನಲ್ಲಿದ್ದ ಹುಡುಗರಿಬ್ಬರೂ ಬ್ಯಾಗು ಕಟ್ಟಿದರು. "ಅಕ್ಕ, ಕೆಲಸ ಸಿಕ್ಕಿದ್ರೆ ವಾಪಸ್ ಬರ್ತೀವಿ" ಎಂದು ಬೀಗದ ಕೈ ಕೊಟ್ಟುಹೋದರು. ಮಾತ್ರೆ ಮನೆ ಖಾಲಿಯಾಯಿತು. ಸಕ್ಕರೆ ಮಾತ್ರೆಯನ್ನು ದಿನಸಿಯ ದುಡ್ಡಿನಲ್ಲಿ ಹೇಗೋ ತೂಗಿಸಿದೆ; ಫಿಸಿಯೋ ನಿಲ್ಲಿಸಿದೆ. ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಯಜಮಾನರು ಎಲ್ಲಾದರೂ ಕೈಸಾಲ ತರುತ್ತಿದ್ದರು. ಮಗ ಸಂಜೆ ಟ್ಯೂಷನ್ನಿಗೆ ಹೊರಡುವಾಗ "ನೀನು ನಡಿ, ನಾನು ಹಿಂದೇನೇ ಬಂದು ಕೈ ಎತ್ತಿಸ್ಕೊಂಡು ಬರ್ತೀನಿ" ಎನ್ನುವುದು, ಅವನು ಬೀದಿ ದಾಟಿದ ಮೇಲೆ ಸೊಪ್ಪು ಬಿಡಿಸುತ್ತಾ ಕೂರುವುದು. ದುಡ್ಡು ಎಲ್ಲಿಗೆ ಹೋಯಿತು ಎಂದು ಮನೆಯಲ್ಲಿ ಎಲ್ಲರೂ ಕೇಳುತ್ತಾರೆ. ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ರೂಮು ಖಾಲಿಯಿದ್ದಾಗ ಫಿಸಿಯೋಗೆ ದುಡ್ಡೆಲ್ಲಿಂದ ಎಂದೂ ಯಾರೂ ಕೇಳದೆ ಈ ಗುಟ್ಟು ಸುಲಭವಾಗಿ ನಡೆಯಿತು.

ಆಮೇಲೆ ರೂಮಿಗೆ ಹೊಸ ಗಂಡ ಹೆಂಡತಿ ಬಂದರು. ಬಾಡಿಗೆ ಮತ್ತೆ ಕೈಗೆ ಬಂತು. ನಾನು ಅದನ್ನು, ಬಾಕಿ ಬೀಳುತ್ತಿದ್ದ ಮಗನ ಟ್ಯೂಷನ್ ಫೀಸಿಗೆ ತಿರುಗಿಸಿದೆ. ಲೆಕ್ಕದಲ್ಲಿ ಅವನು ಎರಡು ಪರೀಕ್ಷೆ ಫೇಲಾಗಿದ್ದ. ನನ್ನ ಕೈ ಎಲ್ಲಿಗೆ ಓಡಿಹೋಗುತ್ತದೆ, ಮಗುವಿನ ಹತ್ತನೇ ಕ್ಲಾಸು ಮತ್ತೆ ಬರುತ್ತದೆಯೇ ಎಂದುಕೊಂಡೆ. ಹಾಗೆ ಅಂದುಕೊಂಡಾಗ ಎದೆಯೊಳಗೆ ಒಂಥರಾ ತಂಪಾಗುತ್ತಿತ್ತು. ತಾಯಿ ಎಂದರೆ ನನ್ನ ಹಾಗಿರಬೇಕು ಎಂಬ ಹೆಮ್ಮೆ ಇರಬೇಕು.

ಹೀಗೇ ಇದ್ದಾಗ ಒಂದು ಸಂಜೆ ಟ್ಯೂಷನ್ ಮೇಷ್ಟ್ರು ಫೋನ್ ಮಾಡಿದರು. "ನಿಮ್ಮ ಹುಡುಗ ಎರಡು ವಾರದಿಂದ ಬಂದಿಲ್ಲವಲ್ಲಮ್ಮ, ಹುಷಾರಿಲ್ವಾ?"

ಹುಷಾರಾಗಿಯೇ ಇದ್ದ ಹುಡುಗ ಆಗತಾನೇ ಬ್ಯಾಗು ತಗಲಿಸಿಕೊಂಡು ಚಪ್ಪಲಿ ಮೆಟ್ಟುತ್ತಿದ್ದ. ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. "ನಿಲ್ಲೋ ಅಲ್ಲೇ. ಮೇಷ್ಟ್ರ ಹತ್ರ ಇಬ್ರೂ ಹೋಗಣ" ಎಂದು ರೂಮಿಗೆ ನುಗ್ಗಿ ಬಾಗಿಲು ಮುಂದಕ್ಕೆಳೆದುಕೊಂಡೆ. ಭುಜ ಹಿಡಿದಾಗಿನಿಂದ ಮನೆಯಲ್ಲಿ ಸದಾ ನೈಟಿಯೇ. ಎಲ್ಲಿಗಾದರೂ ಹೋಗಬೇಕಾದರೆ ಸ್ಕೂಲ್ ಮನೆಯ ಹೆಂಗಸು ಬಂದು ರವಿಕೆ ತೊಡಿಸಿಕೊಡುತ್ತಿದ್ದಳು. ಅವಳು ಗಾರ್ಮೆಂಟ್ಸಿನಿಂದ ಇನ್ನೂ ಬಂದಿರಲಿಲ್ಲ. ಸಿಟ್ಟಿನಲ್ಲಿದ್ದವಳಿಗೆ ಯಾರ ಹಂಗೂ ಬೇಡವಾಗಿತ್ತು. ರವಿಕೆಯೊಳಗೆ ಎಡಗೈ ತೂರಿಸಿ, ಬಲಗೈಯನ್ನು ಹಿಂದಕ್ಕೆ ತಿರುಗಿಸುತ್ತಾ ಬಾಗಿಲಿನಾಚೆಗೆ ಕೇಳುವ ಹಾಗೆ ಬೈಯತೊಡಗಿದೆ.

"ನನ್ನ ಮಾತ್ರೆ ಮನೆ ಬಾಡಿಗೇನ ನಿನ್ನ ಟ್ಯೂಷನ್‌ಗೆ ಸುರೀತಾ ಇದೀನಿ ಕಣೋ. ನನ್ನ ಕೈ ಬಿದ್ದೋದ್ರೂ ಚಿಂತಿಲ್ಲ, ಇವ್ನು ನಾಲ್ಕಕ್ಷರ ಕಲೀಲಿ ಅಂತ. ಇವ್ನು ನೋಡಿದ್ರೆ ಬೀದಿ ಸುತ್ತಕ್ಕೋಗವ್ನೆ…"

ಅಲ್ಲಿಗೆ ಕೈ ಸಿಕ್ಕಿಕೊಂಡಿತು. ಅರ್ಧ ತೋಳಿನೊಳಗೆ, ಅರ್ಧ ಹೊರಗೆ. ಮುಂದಕ್ಕೂ ಬಾರದು, ಹಿಂದಕ್ಕೂ ಹೋಗದು. ಅಲ್ಲಾಡಿದರೆ ಭುಜ ಕಿತ್ತು ಬರುವಂತೆ ನೋವು. ಗೋಡೆಗೆ ಒರಗಿಕೊಂಡು ಉಸಿರು ಬಿಗಿಹಿಡಿದು ನಿಂತೆ.

ಹೊರಗಿನಿಂದ ದನಿ ಬಂತು. "ಅಮ್ಮಾ, ಯಾಕೆ ಸುಮ್ನಾದೆ?"

"ಏನಿಲ್ಲ."

"ಅಮ್ಮಾ?"

"ಕೈ ಸಿಕ್ಕಾಕ್ಕಂಡೈತೆ. ನೀನು ಬರ್ಬೇಡ."

ಅವನು ಬಂದ. ಮುಖವನ್ನು ಪೂರ್ತಿ ಕಿಟಕಿಯ ಕಡೆ ತಿರುಗಿಸಿಕೊಂಡು, ಕೈಯಲ್ಲಿ ದೊಡ್ಡ ಟವೆಲು ಹಿಡಿದು, ಕುರುಡನ ಹಾಗೆ ತಡವುತ್ತಾ ಬಂದ. ಟವೆಲನ್ನು ನನ್ನ ಮೇಲೆ ಹೊದಿಸಿದ. ನನಗೆ ನಾಚಿಕೆಯೂ ಅಳುವೂ ಒಟ್ಟಿಗೇ ಬಂದವು.

"ಎಡಗೈ ಮೊದ್ಲು ಹಾಕಿದ್ಯಾ?" ಎಂದು ಕಿಟಕಿಯನ್ನೇ ಕೇಳಿದ. "ತಪ್ಪು. ನೋವಿರೋ ಕೈನ ಮೊದ್ಲು ಹಾಕ್ಬೇಕಂತೆ. ಬಿಚ್ಚೋವಾಗ ಚೆನ್ನಾಗಿರೋ ಕೈ ಮೊದ್ಲು."

ಹಾಗೆ ಹೇಳುತ್ತಲೇ ನನ್ನ ಎಡಗೈಯನ್ನು ಮೆಲ್ಲಗೆ ತೋಳಿನಿಂದ ಬಿಡಿಸಿದ. ಬಲಗೈಯನ್ನು ಎಳೆಯಲಿಲ್ಲ, ತೋಳಿನ ಬಟ್ಟೆಯನ್ನೇ ಸರಿಸಿ ಸರಿಸಿ ಭುಜಕ್ಕೆ ಏರಿಸಿದ. ಆಮೇಲೆ ಎಡಗೈ ತಾನಾಗಿ ಹೋಯಿತು. ನಾನು ಟವೆಲಿನ ಮರೆಯಲ್ಲಿ ಹುಕ್ಕು ಹಾಕಿಕೊಂಡು, ಎಡಗೈಯಲ್ಲೇ ಹೇಗೋ ಸೀರೆ ಸುತ್ತಿಕೊಂಡೆ. ಅವನು ಕಿಟಕಿಯ ಸರಳು ಎಣಿಸುತ್ತಾ ನಿಂತಿದ್ದ.

"ಇದೆಲ್ಲ ಯಾರೋ ನಿಂಗೆ ಹೇಳ್ಕೊಟ್ಟಿದ್ದು?"

"ಫಿಸಿಯೋ ಮೇಡಂ."

"ನೀನ್ಯಾಕೆ ಅಲ್ಲಿಗೋಗಿದ್ದೆ?"

ಬ್ಯಾಗಿನ ಪಟ್ಟಿ ಎಳೆದಾಡುತ್ತಾ ಹೇಳಿದ. ಟ್ಯೂಷನ್ನಿನ ಮೆಟ್ಟಿಲು ಹತ್ತುವುದಕ್ಕೆ ಅವನಿಗೆ ಆಗುತ್ತಿರಲಿಲ್ಲವಂತೆ. ಅಲ್ಲಿ ಮೇಷ್ಟ್ರು ಬೋರ್ಡಿನ ಹತ್ತಿರ ಕರೆದು ಲೆಕ್ಕ ಮಾಡಿಸುತ್ತಾರೆ, ಎಲ್ಲರೂ ನಗುತ್ತಾರೆ. ಅದಕ್ಕೆ ಕೆಳಗೇ ನಿಂತು ಕಾಲ ಕಳೆಯುತ್ತಿದ್ದ. ಆದರೆ ಕ್ಲಿನಿಕ್ಕಿಗೆ ಬರುವ ನನ್ನ ಕಣ್ಣಿಗೆ ಬೀಳುವ ಭಯ. ಎದುರಿನ ಜೆರಾಕ್ಸ್ ಅಂಗಡಿಯ ಮರೆಯಲ್ಲಿ ನಿಂತು ನಾನು ಬರುವುದನ್ನೇ ಕಾದ. ಒಂದು ದಿನವೂ ನಾನು ಬರಲಿಲ್ಲ. ಕೊನೆಗೆ ಅವನೇ ಕ್ಲಿನಿಕ್ಕಿನೊಳಗೆ ಹೋಗಿ ಆ ಹುಡುಗಿಯನ್ನು ನಮ್ಮಮ್ಮ ಯಾವಾಗ ಬರ್ತಾರೆ ಎಂದು ಕೇಳಿದ್ದ. ಅವಳು, ನಿಮ್ಮಮ್ಮ ಬಂದು ತಿಂಗಳುಗಳೇ ಆದವು, ಹೇಗಿದ್ದಾರೆ ಎಂದು ಇವನನ್ನೇ ಕೇಳಿ, ಬಟ್ಟೆ ಹಾಕಿಕೊಳ್ಳುವುದನ್ನೂ ಹೇಳಿ ಕಳಿಸಿದ್ದಳು.

ನಾನು ಮಂಚದ ಮೇಲೆ ಕುಳಿತೆ. ಅವನ ಕಳ್ಳಾಟ ಹಿಡಿಯಲು ಹೊರಟವಳ ಕಳ್ಳಾಟವನ್ನು ಅವನು ಎಂದೋ ಹಿಡಿದಿದ್ದ.

"ದುಡ್ಡಿರ್ಲಿಲ್ಲ ಕಣೋ. ರೂಮು ಖಾಲಿ ಇತ್ತಲ್ಲ."

"ರೂಮಿಗೆ ಜನ ಬಂದು ಎಷ್ಟು ದಿನ ಆಯ್ತಮ್ಮ."

"ಅದು ನಿನ್ನ ಟ್ಯೂಷನ್…"

"ನನ್ನ ಟ್ಯೂಷನ್‌ಗೆ ಅಂತ ಹೇಳ್ಬೇಡ." ಮೊದಲ ಸಲ ನನ್ನ ಕಡೆ ತಿರುಗಿದ. ಒಡೆದ ಗಂಟಲು ಇನ್ನಷ್ಟು ಒಡೆದಿತ್ತು. "ನಿನ್ ಕೈ ಹಿಂಗೇ ಉಳ್ಕೊಂಡ್ರೆ ಅದು ನನ್ನಿಂದ ಅಂತ ಆಗುತ್ತೆ. ನಾನು ಪಾಸಾದ್ರೂ ಹಂಗೇ, ಫೇಲಾದ್ರೂ ಹಂಗೇ. ನಂಗೆ ಅದು ಬೇಡ."

ನನ್ನ ಪಾಲಿನದನ್ನು ಕತ್ತರಿಸಿ ಅವನ ತಟ್ಟೆಗೆ ಹಾಕಿದೆ ಎಂದುಕೊಂಡಿದ್ದೆ. ಆ ತುತ್ತು ಅವನಿಗೆ ಹೇಗೆ ಇಳಿಯಬಹುದು ಎಂದು ಯೋಚಿಸಿರಲಿಲ್ಲ. ಅದಕ್ಕಿಂತ ದೊಡ್ಡ ನಿಜ ಇನ್ನೊಂದಿತ್ತು. ರೂಮು ಖಾಲಿಯಾಗದಿದ್ದರೂ ನಾನು ಯಾವುದಾದರೂ ನೆವ ಹುಡುಕುತ್ತಿದ್ದೆ. ಆ ಫಿಸಿಯೋ ಹುಡುಗಿ ನನ್ನ ಕೈ ಎತ್ತುವುದನ್ನು ನೆನೆದರೆ ಕ್ಲಿನಿಕ್ಕಿನ ಕಡೆಗೆ ನನಗೆ ಹೆಜ್ಜೆಯೇ ಏಳುತ್ತಿರಲಿಲ್ಲ. ಉಳಿತಾಯ ಎಂದರೆ ಎಲ್ಲರೂ ಮೆಚ್ಚುತ್ತಾರೆ. ಹೆದರಿಕೆ ಎಂದರೆ ಯಾರು ಮೆಚ್ಚುತ್ತಾರೆ?

"ಭಯ ಕಣೋ ನಂಗೆ" ಎಂದೆ. "ತುಂಬಾ ನೋಯ್ತದೆ."

"ನಂಗೂ ಬೋರ್ಡ್ ಹತ್ರ ಹಂಗೇ ಆಗುತ್ತೆ" ಎಂದ. ಎಷ್ಟೋ ತಿಂಗಳ ಮೇಲೆ ತನ್ನ ಬಗ್ಗೆ ಅವನಾಗಿಯೇ ನನಗೆ ಹೇಳಿದ ಮಾತು ಅದು. ಸೆರಗನ್ನು ಎತ್ತಿ ಭುಜದ ಮೇಲೆ ಹಾಕಿದ. ಅಡ್ಡಾದಿಡ್ಡಿಯಾಗಿತ್ತು, ಹಾಗೇ ಬಿಟ್ಟೆ.

ಫ್ಲೈಓವರ್ ಕೆಲಸದ ಧೂಳಿನಲ್ಲಿ ಇಬ್ಬರೂ ನಡೆದೆವು. ನನ್ನ ಬಲಗೈಗೆ ಯಾರೂ ತಗಲದ ಹಾಗೆ ಅವನು ಆ ಬದಿಗೇ ನಡೆಯುತ್ತಿದ್ದ. ಕಟ್ಟಡದ ಮುಂದೆ ಬಂದು ಮೆಟ್ಟಿಲ ಬುಡದಲ್ಲಿ ನಿಂತಾಗ ಮೇಲಿನಿಂದ ಮೇಷ್ಟ್ರ ದನಿ ಕೇಳುತ್ತಿತ್ತು. ಅವನ ಮುಖ ಸಪ್ಪಗಾಯಿತು.

"ಮೊದ್ಲು ನನ್ನದು ಆಗ್ಲಿ" ಎಂದು ಕ್ಲಿನಿಕ್ಕಿನ ಬಾಗಿಲು ತಳ್ಳಿದೆ.

ಆ ಹುಡುಗಿ ನಮ್ಮಿಬ್ಬರನ್ನೂ ನೋಡಿ, ಇಷ್ಟು ದಿನ ಎಲ್ಲಿದ್ದಿರಿ ಎನ್ನದೆ, ಮಂಚ ತೋರಿಸಿದಳು. ಅಷ್ಟು ಒಳ್ಳೆಯವಳು. ಕಾವು ಕೊಟ್ಟು ಮಲಗಿಸಿ, ಮನೆಯವರು ಹೊರಗೆ ಕೂತರೆ ಒಳ್ಳೆಯದು, ನೋಡಲಿಕ್ಕಾಗುವುದಿಲ್ಲ ಎಂದಳು. "ಇಲ್ಲೇ ಇರ್ತೀನಿ ಮೇಡಂ" ಎಂದು ಮಗ ನನ್ನ ತಲೆಯ ಹತ್ತಿರ ನಿಂತ.

ಅವಳು ಮೊಣಕೈ ಹಿಡಿದು ಎತ್ತತೊಡಗಿದಳು. ತಿಂಗಳುಗಟ್ಟಲೆ ಬಿಟ್ಟಿದ್ದಕ್ಕೆ ಕೈ ಮೊದಲಿಗಿಂತ ಬಿಗಿದಿತ್ತು. ತಡೆದುಕೊಳ್ಳಬೇಕೆಂದಿದ್ದೆ, ಆಗಲಿಲ್ಲ. ಅಯ್ಯೋ ಎಂದು ಕೂಗಿದ್ದು ರಸ್ತೆಗೂ ಕೇಳಿರಬೇಕು. ನನ್ನ ಎಡಗೈ ಬೆರಳುಗಳು ಅವನ ಮಣಿಕಟ್ಟನ್ನು ಯಾವಾಗ ಹಿಡಿದವೋ ಗೊತ್ತಿಲ್ಲ. ಕಣ್ಣು ಬಿಟ್ಟರೆ ಅವನ ಚಿಗುರು ಮೀಸೆಯ ಮೇಲೆಲ್ಲ ನೀರು ಇಳಿಯುತ್ತಿತ್ತು.

"ಸಾಕು ಬಿಡಿ ಮೇಡಂ" ಎಂದ. "ಇವತ್ತಿಗೆ ಸಾಕು. ಅಮ್ಮಂಗೆ ಆಗ್ತಿಲ್ಲ."

ಅವಳು ಕೈಯನ್ನು ಮೆಲ್ಲಗೆ ಕೆಳಗಿಳಿಸಿ ನನ್ನ ಮುಖ ನೋಡಿದಳು. ಸಾಕು ಎಂದಿದ್ದರೆ ಬಿಟ್ಟುಬಿಡುತ್ತಿದ್ದಳು. ಎದ್ದು ಮನೆಗೆ ಹೋಗಬೇಕೆಂದು ನನ್ನ ಮೈಯೆಲ್ಲ ಕೇಳುತ್ತಿತ್ತು. ತಲೆಯ ಮೇಲಿನ ಮಹಡಿಯಲ್ಲಿ ಮಕ್ಕಳು ಯಾವುದಕ್ಕೋ ನಕ್ಕರು. ನಾನು ಹಿಡಿದಿದ್ದ ಅವನ ಮಣಿಕಟ್ಟು ಬಿಗಿಯಾಯಿತು. ಇದು ಮುಗಿದರೆ ಮುಂದಿನ ಸರದಿ ಅವನದು.

"ಇನ್ನೊಂದ್ಸಲ ಎತ್ತಿ ಮೇಡಂ" ಎಂದೆ.