ಕುವೈತಿನ ಚಳಿಗೆ ಯಾವ ಆಯಿಲ್

ಬಗ್ಗಿಯ ಸೀಟಿನ ಮೇಲೆ ಕೈಯಿಟ್ಟವನು ಬೆಚ್ಚಿ ಹಿಂದಕ್ಕೆ ಎಳೆದುಕೊಂಡೆ. ಉಪ್ಪು ಉದುರಿಸಿದಂತೆ ಬಿಳಿ ಪುಡಿ. ಬೆರಳಿಗೆ ಹತ್ತಿದ್ದು ಕರಗಿ ನೀರಾಯಿತು. ಹಿಮ. ಕುವೈತಿಗೆ ಹೊರಟಾಗ ಪುತ್ತೂರಿನಲ್ಲಿ ಎಲ್ಲರೂ ಬಿಸಿಲಿನ ಬಗ್ಗೆಯೇ ಹೆದರಿಸಿ ಕಳಿಸಿದ್ದರು. ಚಳಿಯ ಮಾತನ್ನು ಒಬ್ಬರೂ ಎತ್ತಿರಲಿಲ್ಲ.

ಅದು ನನ್ನ ಮೊದಲ ಜನವರಿ. ಊರಿನಲ್ಲಿ ಹದಿನಾಲ್ಕು ವರ್ಷ ಬೈಕ್ ಮೆಕ್ಯಾನಿಕ್ ಆಗಿದ್ದವನು ಇಲ್ಲಿ ಸುಲೈಬಿಯಾದ ಒಂದು ಗೋದಾಮಿನ ಗಾಡಿಗಳನ್ನು ನೋಡಿಕೊಳ್ಳುತ್ತಿದ್ದೆ. ಆರು ಜನರ ಕೋಣೆ, ಅಟ್ಟದಂಥ ಕಬ್ಬಿಣದ ಮಂಚ. ನನ್ನ ಕೆಳಗೆ ಮಲಗುತ್ತಿದ್ದ ಬಿಹಾರದವನ ಹಿಂದಿ ಅರ್ಥವಾಗಲು ಮೂರು ತಿಂಗಳು ಬೇಕಾಯಿತು. ಚಳಿಗಾಲ ಬಂತೆಂದರೆ ಇಲ್ಲಿನವರು ಮರುಭೂಮಿಯಲ್ಲಿ ಗುಡಾರ ಹಾಕುತ್ತಾರೆ. ಮರುಭೂಮಿಗೆ ಅವರು ಹೇಳುವುದು 'ಬರ್' ಎಂದು. ಕಫೀಲ್, ಅಂದರೆ ನಮ್ಮ ವೀಸಾದ ಯಜಮಾನ, ತನ್ನ ಗುಡಾರ ನೋಡಿಕೊಳ್ಳಲು ನನ್ನನ್ನೂ ಅಡುಗೆಯ ಹಮೀದಾಕನನ್ನೂ ಕಳಿಸಿದ್ದ. ಹಮೀದಾಕ ಉಪ್ಪಿನಂಗಡಿಯ ಬ್ಯಾರಿ, ನನಗಿಂತ ಹದಿನೈದು ವರ್ಷ ಹಿರಿಯ. ನಮ್ಮಿಬ್ಬರ ಮಾತು ತುಳುವಿನಲ್ಲಿ. ಆತ ಕುಚ್ಚಲಕ್ಕಿ ಗಂಜಿ ಬೇಯಿಸಿದ ದಿನ ನಾನು ಊರಿಗೆ ಫೋನ್ ಮಾಡುತ್ತಿರಲಿಲ್ಲ. ಮಾಡಿದರೆ ಮರಳಿ ಬರುತ್ತೇನೆ ಎಂದುಬಿಡುತ್ತಿದ್ದೆ.

ಗುಡಾರದ ಸುತ್ತ ಓಡಾಡಲು ಒಂದು ಎಟಿವಿ ಇತ್ತು. ನಾಲ್ಕು ದಪ್ಪ ಚಕ್ರ, ಬೈಕಿನಂಥ ಹ್ಯಾಂಡಲ್. ಇಲ್ಲಿ ಎಲ್ಲರೂ ಅದನ್ನು ಬಗ್ಗಿ ಎನ್ನುತ್ತಾರೆ. ಡಿಸೆಂಬರಿನಲ್ಲಿ ಅದರ ಆಯಿಲ್ ಬದಲಿಸಿದ್ದು ನಾನೇ. ಎಂಜಿನ್ ಪಕ್ಕದ ಚೀಟಿಯಲ್ಲಿ 5W-40 ಎಂದಿತ್ತು. ನಾನು ಹಾಕಿದ್ದು 20W-50.

"ಚೀಟಿಯಲ್ಲಿ ಬೇರೆ ನಂಬರ್ ಉಂಟಲ್ಲ ಮಾರಾಯ?" ಎಂದಿದ್ದ ಹಮೀದಾಕ.

"ಇಂಥ ಸೆಕೆಯ ದೇಶಕ್ಕೆ ದಪ್ಪ ಆಯಿಲೇ ಆಗಬೇಕು ಹಮೀದಾಕ. ನಾನು ಎಷ್ಟು ಗಾಡಿ ನೋಡಿಲ್ಲ?"

"ಬರ್‌ನ ಚಳಿ ನೀನು ನೋಡಿಲ್ಲ," ಎಂದಷ್ಟೇ ಹೇಳಿ ಈರುಳ್ಳಿ ಹೆಚ್ಚಲು ಹೋಗಿದ್ದ.

W ಎಂದರೆ ವಿಂಟರ್ ಎಂಬುದು ನನಗೆ ಗೊತ್ತಿಲ್ಲದ್ದಲ್ಲ. ಅದರ ಹಿಂದಿನ ಅಂಕಿ ಸಣ್ಣದಾದಷ್ಟೂ ಚಳಿಯಲ್ಲಿ ಆಯಿಲ್ ಸಲೀಸಾಗಿ ಹರಿಯುತ್ತದೆ. ಮುಂದಿನ ಅಂಕಿ ಎಂಜಿನ್ ಬಿಸಿಯಾದ ಮೇಲಿನ ಮಾತು. ಪುತ್ತೂರಿನಲ್ಲಿ ಆ ಮೊದಲ ಅಂಕಿಯಿಂದ ಯಾರಿಗೂ ಏನೂ ಆಗಬೇಕಾಗಿರಲಿಲ್ಲ. ಹಾಗಾಗಿ ಅದನ್ನು ನೋಡುವ ಅಭ್ಯಾಸವೇ ನನಗೆ ತಪ್ಪಿತ್ತು.

ಸೀಟಿನ ಮೇಲೆ ಹಿಮ ಕಂಡ ಆ ಬೆಳಿಗ್ಗೆ ಇದ್ರೀಸ್ ಹಾಲು ತರಲಿಲ್ಲ. ಇದ್ರೀಸ್ ಸುಡಾನಿನವನು, ನಾಲ್ಕು ಕಿಲೋಮೀಟರ್ ಆಚೆ ಕಫೀಲ್‌ನ ಕುರಿಗಳನ್ನು ಕಾಯುತ್ತಿದ್ದ. ಆರೂವರೆಗೆ ಅವನು ಬರುವುದನ್ನು ನೋಡಿ ಗಡಿಯಾರ ಸರಿಮಾಡಬಹುದಿತ್ತು. ಏಳಾಯಿತು. ಫೋನ್ ರಿಂಗಾಗುತ್ತಿತ್ತು, ಎತ್ತುತ್ತಿರಲಿಲ್ಲ.

"ನಿನ್ನೆ ಇಲ್ಲಿಂದ ಇದ್ದಿಲು ತೆಗೆದುಕೊಂಡು ಹೋಗಿದ್ದಾನೆ," ಎಂದ ಹಮೀದಾಕ. ಮುಖ ಬಿಳಿಚಿತ್ತು. "ಗುಡಾರ ಮುಚ್ಚಿ ಒಳಗೆ ಕೆಂಡ ಇಟ್ಟು ಮಲಗಿದ್ದರೆ ಕಷ್ಟ ಗಣೇಶ. ಆ ಗಾಳಿ ಕುಡಿದು ಸತ್ತವರನ್ನು ನಾನು ನೋಡಿದ್ದೇನೆ."

ಕಫೀಲ್‌ನ ಮನೆಯವರು ರಜೆ ಮುಗಿಸಿ ಕಾರುಗಳಲ್ಲಿ ಮರಳಿದ್ದರು. ನಮ್ಮ ಬಳಿ ಇದ್ದದ್ದು ಬಗ್ಗಿಯೊಂದೇ. ಬಟನ್ ಒತ್ತಿದೆ. ನರಳಿದಂತೆ ಒಂದು ಸದ್ದು, ಅರ್ಧ ಸುತ್ತು, ಮತ್ತೆ ಮೌನ. ಇನ್ನೊಮ್ಮೆ ಒತ್ತಿದೆ. ದೀಪ ಮಂಕಾಯಿತು. ಹಳೆಯ ಬ್ಯಾಟರಿಗೆ ಆ ಗಟ್ಟಿ ಆಯಿಲಿನಲ್ಲಿ ಎಂಜಿನ್ ತಿರುಗಿಸುವ ಶಕ್ತಿ ಇರಲಿಲ್ಲ. ಅಳತೆಕಡ್ಡಿ ಎಳೆದು ನೋಡಿದೆ. ಆಯಿಲ್ ತೊಟ್ಟಿಕ್ಕದೆ ಜೋನಿಬೆಲ್ಲದಂತೆ ಕಡ್ಡಿಗೆ ಅಂಟಿಕೊಂಡಿತ್ತು.

ಹಮೀದಾಕ ಕಡ್ಡಿಯನ್ನೂ ಚೀಟಿಯನ್ನೂ ಒಮ್ಮೆ ನೋಡಿದ. ಬೈದಿದ್ದರೆ ಚೆನ್ನಾಗಿತ್ತು.

"ನಡೆದೇ ಹೋಗುತ್ತೇನೆ," ಎಂದೆ.

"ಮರಳಿನಲ್ಲಿ ಒಂದು ಗಂಟೆಯಾದರೂ ಬೇಕು. ನಿಲ್ಲು, ಚಹಾದ ಹಂಡೆಯಲ್ಲಿ ಬಿಸಿನೀರು ಉಂಟು."

ಹಂಡೆಯನ್ನು ಇಬ್ಬರೂ ಹೊತ್ತು ತಂದೆವು. ಗೋಣಿಚೀಲವನ್ನು ಬಿಸಿನೀರಿನಲ್ಲಿ ಅದ್ದಿ ಎಂಜಿನ್ ತಳಕ್ಕೆ, ಆಯಿಲ್ ನಿಂತಿರುವ ಕಡೆಗೆ ಒತ್ತಿ ಹಿಡಿದೆ. ಅದು ಆರಿದರೆ ಮತ್ತೊಂದು. ಕೈ ಬೆಂದು ಕೆಂಪಾಗಿತ್ತು. ಹಮೀದಾಕ ಒಂದು ಕೈಯಲ್ಲಿ ನೀರು ಕೊಡುತ್ತ ಇನ್ನೊಂದು ಕೈಯಲ್ಲಿ ಇದ್ರೀಸನ ನಂಬರ್ ಒತ್ತುತ್ತಿದ್ದ. ಆ ರಿಂಗ್ ನನಗೂ ಕೇಳುತ್ತಿತ್ತು. ಬಟನ್ ಮುಟ್ಟಲು ಧೈರ್ಯವಿಲ್ಲ. ಬ್ಯಾಟರಿಯಲ್ಲಿ ಉಳಿದದ್ದು ಒಂದೇ ಪ್ರಯತ್ನಕ್ಕೆ. ಹತ್ತು ನಿಮಿಷ ಕಾದೆ. ಎಷ್ಟೋ ಎಂಜಿನ್ ಬಿಚ್ಚಿದ್ದೇನೆ, ಯಾವುದರ ಮುಂದೆಯೂ ಹಾಗೆ ಬೇಡಿಕೊಂಡವನಲ್ಲ.

"ಈಗ ಒತ್ತು," ಎಂದ ಹಮೀದಾಕ.

ಎರಡು ಸುತ್ತು ಭಾರವಾಗಿ ತಿರುಗಿತು. ಮೂರನೆಯದಕ್ಕೆ ಹತ್ತಿಕೊಂಡಿತು.

ಇದ್ರೀಸನ ಗುಡಾರದ ಬಾಗಿಲನ್ನು ಒಳಗಿನಿಂದ ಹಗ್ಗ ಹಾಕಿ ಬಿಗಿಯಲಾಗಿತ್ತು. ಚಾಕುವಿನಿಂದ ಕೊಯ್ದೆ. ಅಗ್ಗಿಷ್ಟಿಕೆಯಲ್ಲಿ ಕೆಂಡ ಇನ್ನೂ ಮಿಣುಕುತ್ತಿತ್ತು. ಅವನು ಬಾಗಿಲ ಕಡೆಗೆ ತೆವಳುತ್ತ ಅರ್ಧದಲ್ಲೇ ಬಿದ್ದಿದ್ದ. ಉಸಿರು ಬಿಗಿಹಿಡಿದು ಕಂಕುಳಲ್ಲಿ ಕೈಹಾಕಿ ಹೊರಗೆಳೆದೆ. ಎದೆ ಏರುತ್ತಿದೆಯೋ ಇಲ್ಲವೋ ಎಂದು ಕೆನ್ನೆಯನ್ನು ಅವನ ಮೂಗಿಗೆ ಹಿಡಿದು ನೋಡಿದೆ. ಉಸಿರಿತ್ತು, ತೀರಾ ಸಣ್ಣದಾಗಿ. ಆಂಬುಲೆನ್ಸಿಗೆ ಫೋನ್ ಮಾಡಿ, ಅದು ಬರುವವರೆಗೂ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗೊತ್ತಿದ್ದ ಅಷ್ಟೂ ಅರಬ್ಬಿಯಲ್ಲಿ ಕರೆದೆ. ಮುಗಿದ ಮೇಲೆ ತುಳುವಿನಲ್ಲಿ.

ಬದುಕಿದ. ಕಫೀಲ್ ಎಲ್ಲರೆದುರು ನನ್ನ ಭುಜ ತಟ್ಟಿ ಹೊಗಳಿದ. ಪಕ್ಕದಲ್ಲೇ ಇದ್ದ ಹಮೀದಾಕ ಆಯಿಲಿನ ವಿಷಯ ಎತ್ತಲಿಲ್ಲ. ಆ ಹೊಗಳಿಕೆ ಮೂರು ದಿನ ನನ್ನನ್ನು ಉಣ್ಣಲು ಬಿಡಲಿಲ್ಲ. ನಾಲ್ಕನೆಯ ದಿನ ಆಸ್ಪತ್ರೆಯಲ್ಲಿ ಇದ್ರೀಸನ ಮಂಚದ ಪಕ್ಕ ಕೂತು, ಮುರುಕು ಅರಬ್ಬಿಯಲ್ಲಿ ಹೇಳಿದೆ: ಬಗ್ಗಿಗೆ ತಪ್ಪು ಆಯಿಲ್ ಹಾಕಿದ್ದು ನಾನು, ತಡವಾದದ್ದು ನನ್ನಿಂದ.

ಅವನು ಬೇಡ ಎಂಬಂತೆ ಕೈಯಾಡಿಸಿದ. "ಬಾಗಿಲು ಕಟ್ಟಿದ್ದು ನಾನು," ಎಂದ. "ಖಲಾಸ್." ಮುಗಿಯಿತು ಎಂದರ್ಥ. ನನ್ನ ಮಟ್ಟಿಗೆ ಅಷ್ಟು ಸುಲಭವಾಗಿ ಮುಗಿಯಲಿಲ್ಲ.

ಮರುದಿನವೇ ಆಯಿಲ್ ಬದಲಿಸಿ 5W-40 ಹಾಕಿದೆ, ಹೊಸ ಬ್ಯಾಟರಿ ಕೂರಿಸಿದೆ. ಈಗ ಇಲ್ಲಿಗೆ ಬಂದು ಐದು ವರ್ಷವಾಯಿತು. ಕಳೆದ ಜನವರಿಯಲ್ಲಿ ರಜೆಗೆ ಪುತ್ತೂರಿಗೆ ಹೋಗಿದ್ದೆ. ಒಂದು ಬೆಳಿಗ್ಗೆ ಜಗಲಿಯಲ್ಲಿ ಮಗಳ ಪಕ್ಕ ಕೂತಿದ್ದೆ. ಅವಳು ನನ್ನ ಫೋನ್ ನೋಡುತ್ತ, "ಅಪ್ಪ, ನಿಮ್ಮ ಊರಲ್ಲಿ ಇವತ್ತು ಮೂರೇ ಡಿಗ್ರಿ ಅಂತೆ," ಎಂದಳು.

ನನ್ನ ಊರು ಇದೇ ಮಗಾ, ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ, ಈಗಲೂ ಅಲ್ಲೇ ಕುರಿ ಕಾಯುವ ಇದ್ರೀಸ್ ಗುಡಾರದ ಬಾಗಿಲು ಸಡಿಲ ಬಿಟ್ಟು ಮಲಗಿದ್ದಾನೋ ಇಲ್ಲವೋ ಎಂಬ ಯೋಚನೆ ಬಂತು. ಫೋನ್ ಕೊಡು ಎಂದು ಅವಳ ಮುಂದೆ ಕೈ ಚಾಚಿದೆ.